ಬೆಣ್ಣೆ ದೋಸೆಯ ಬ್ಯುಟಿರೇಟು, ದೊಡ್ಡ ಕರುಳಿನ ಬ್ಯುಟಿರೇಟು

ಪ್ರಶ್ನೆ: ನನಗೆ 46 ವರ್ಷ. ದಾವಣಗೆರೆಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿ ಇಟ್ಟುಕೊಂಡಿದ್ದೇನೆ. ಬೆಳಗ್ಗೆ ಕೂತರೆ ಏಳುವುದು ಸಂಜೆಗೇ. ತಂದೆಯವರಿಗೆ ಶುಗರ್ ಇತ್ತು. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದೆ. ಖಾಲಿ ಹೊಟ್ಟೆಯಲ್ಲಿ 108, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.1 ಬಂತು. ‘ಇನ್ನೂ ಶುಗರ್ ಅಲ್ಲ, ಆದರೆ ಅಂಚಿನಲ್ಲಿದ್ದೀರಿ. ಇನ್ಸುಲಿನ್ ಇದೆ, ಮೈ ಅದರ ಮಾತು ಕೇಳುತ್ತಿಲ್ಲ’ ಅಂದರು ಡಾಕ್ಟರು. ಬೆಂಗಳೂರಿನಲ್ಲಿರುವ ಅಕ್ಕನ ಮಗ ಆನ್‌ಲೈನಿನಲ್ಲಿ ಮಲ ಪರೀಕ್ಷೆಯ ಕಿಟ್ ತರಿಸಿಕೊಟ್ಟ. ನಿಮ್ಮಲ್ಲಿ ಬ್ಯುಟಿರೇಟ್ ಕಡಿಮೆ ಇದೆ, ಕ್ಯಾಪ್ಸೂಲ್ ತಗೊಳ್ಳಿ ಎಂದು ರಿಪೋರ್ಟ್ ಬಂದಿದೆ. ಈ ಬ್ಯುಟಿರೇಟ್ ಬೆಣ್ಣೆಯಲ್ಲೂ ಇದೆ ಎಂದು ಅವನೇ ಹೇಳಿದ. ಹಾಗಾದರೆ ನಮ್ಮೂರ ಬೆಣ್ಣೆ ದೋಸೆ ಒಳ್ಳೆಯದೇ ಆಯಿತಲ್ಲ? ಕ್ಯಾಪ್ಸೂಲ್ ಬೇಕಾ? ಮುದ್ದೆ, ಸಾವೆ ಅಕ್ಕಿ ತಿಂದರೆ ಇನ್ಸುಲಿನ್ ಕೆಲಸ ನಿಜಕ್ಕೂ ಸರಿಹೋಗುತ್ತದೆಯೇ?

ಉತ್ತರ: ಮೊದಲು ದೋಸೆ ವಿಷಯ ಮುಗಿಸಿಬಿಡೋಣ. ಇಲ್ಲದಿದ್ದರೆ ಮುಂದೆ ನಾನು ಹೇಳುವ ಯಾವುದೂ ನಿಮ್ಮ ತಲೆಗೆ ಇಳಿಯುವುದಿಲ್ಲ. ನಾನೂ ಇದೇ ಊರಿನವನು, ನನಗೆ ಗೊತ್ತು.

ನಿಮ್ಮ ಅಕ್ಕನ ಮಗ ಸುಳ್ಳು ಹೇಳಿಲ್ಲ. ಬ್ಯುಟಿರೇಟ್ ಒಂದು ಪುಟ್ಟ ಕೊಬ್ಬಿನಾಮ್ಲ, ಅದರ ಹೆಸರು ಹುಟ್ಟಿದ್ದೇ ಬೆಣ್ಣೆಗೆ ಲ್ಯಾಟಿನ್‌ನಲ್ಲಿರುವ ಪದದಿಂದ. 19ನೇ ಶತಮಾನದ ಮೊದಲ ಭಾಗದಲ್ಲಿ ಷೆವ್ರಲ್ ಎಂಬ ಫ್ರಾನ್ಸಿನ ರಸಾಯನ ವಿಜ್ಞಾನಿ ಬೆಣ್ಣೆಯ ಕೊಬ್ಬನ್ನು ಬಿಡಿಸಿ ನೋಡುವಾಗ ಇದು ಸಿಕ್ಕಿತು. ಬೆಣ್ಣೆ ಹಳತಾದಾಗ ಮೂಗಿಗೆ ಹೊಡೆಯುವ ಕಮಟು ವಾಸನೆ ಇದೆಯಲ್ಲ, ಅದರಲ್ಲಿ ಇದರ ಪಾಲು ದೊಡ್ಡದು.

ಈಗ ಲೆಕ್ಕ ಹಾಕಿ, ಲೆಕ್ಕ ನಿಮ್ಮ ಕಸುಬೇ. 100 ಗ್ರಾಂ ಬೆಣ್ಣೆಯಲ್ಲಿ ಬ್ಯುಟಿರಿಕ್ ಆಮ್ಲ, ಅಂದರೆ ಇದೇ ಬ್ಯುಟಿರೇಟ್, ಸುಮಾರು 3 ಗ್ರಾಂ. ಒಂದು ದೋಸೆಗೆ 25 ಗ್ರಾಂ ಬೆಣ್ಣೆ ಬಿತ್ತು ಎಂದಿಟ್ಟುಕೊಳ್ಳಿ. ಮುಕ್ಕಾಲು ಗ್ರಾಂ ಆಯಿತು. ನಾರಿನಂಶ ಚೆನ್ನಾಗಿರುವ ಊಟ ಮಾಡುವವರ ದೊಡ್ಡ ಕರುಳು ದಿನಕ್ಕೆ 7ರಿಂದ 10 ಗ್ರಾಂ ಬ್ಯುಟಿರೇಟನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅಷ್ಟನ್ನು ಬೆಣ್ಣೆಯಿಂದಲೇ ಪಡೆಯಬೇಕೆಂದರೆ ದಿನಕ್ಕೆ ಹನ್ನೆರಡು ದೋಸೆ! ತಿನ್ನುವ ಗಟ್ಟಿಗರು ನಮ್ಮೂರಲ್ಲಿ ಇರಬಹುದು. ಆದರೂ ಕೆಲಸ ಆಗುವುದಿಲ್ಲ. ಯಾಕೆಂದರೆ ಬೆಣ್ಣೆಯ ಬ್ಯುಟಿರೇಟ್ ದೊಡ್ಡ ಕರುಳಿಗೆ ತಲುಪುವುದೇ ಇಲ್ಲ. ಸಣ್ಣ ಕರುಳೇ ಅದನ್ನು ಹೀರಿಕೊಂಡು ಲಿವರ್‌ಗೆ ಕಳಿಸುತ್ತದೆ, ಲಿವರ್ ಅದನ್ನು ಉರಿಸಿ ಮುಗಿಸುತ್ತದೆ. ಇನ್ನು ದೋಸೆ ಹಿಟ್ಟಿನಲ್ಲಿ ಇರುವುದು ಅಕ್ಕಿ, ಅದರ ಜೊತೆಗೆ ಮಂಡಕ್ಕಿ. ಪಕ್ಕದಲ್ಲಿ ಆಲೂಗಡ್ಡೆ ಪಲ್ಯ. ನಿಮ್ಮ ಶುಗರ್ ಮಟ್ಟಿಗೆ ಅಲ್ಲಿ ಬೆಣ್ಣೆಗಿಂತ ದೊಡ್ಡ ಅಪರಾಧಿಗಳು ಇವೇ.

ಹಾಗಾಗಿ ಬ್ಯುಟಿರೇಟ್ ಎಷ್ಟಿದೆ ಎಂದು ಕೇಳಿದರೆ ಸಾಲದು. ಅದು ಎಲ್ಲಿ ಹುಟ್ಟಿತು, ಯಾವ ದಾರಿ ಹಿಡಿಯಿತು ಎಂದೂ ಕೇಳಬೇಕು. ನಿಮ್ಮ ಮಲ ಪರೀಕ್ಷೆ ಎಡವಿದ್ದೂ ಇಲ್ಲೇ, ಕ್ಯಾಪ್ಸೂಲ್ ಎಡವುವುದೂ ಇಲ್ಲೇ.

ನಾವು ತಿಂದ ಅಕ್ಕಿ, ಸಕ್ಕರೆ, ಎಣ್ಣೆ ಎಲ್ಲ ಸಣ್ಣ ಕರುಳಿನಲ್ಲೇ ಕರಗಿ ರಕ್ತಕ್ಕೆ ಸೇರುತ್ತವೆ. ಕಾಳಿನ ಸಿಪ್ಪೆ, ರಾಗಿಯ ತೌಡು, ಈರುಳ್ಳಿಯ ನಾರು, ಸುಲಭಕ್ಕೆ ಜೀರ್ಣವಾಗದ ಒಂದಿಷ್ಟು ಪಿಷ್ಟ ಮಾತ್ರ ಹಾಗೇ ಉಳಿದು ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿ ಗಾಳಿ ಇಲ್ಲ, ಬೆಚ್ಚಗಿದೆ, ಕೋಟಿ ಕೋಟಿ ಬ್ಯಾಕ್ಟೀರಿಯಾಗಳಿವೆ. ರಾತ್ರಿ ದೋಸೆ ಹಿಟ್ಟು ಹುದುಗು ಬರುತ್ತದಲ್ಲ, ಹೆಚ್ಚುಕಡಿಮೆ ಅದೇ ಕೆಲಸ ಅಲ್ಲೂ ನಡೆಯುತ್ತದೆ. ಹಿಟ್ಟಿನಲ್ಲಿ ಮುಖ್ಯವಾಗಿ ಹುಟ್ಟುವುದು ಲ್ಯಾಕ್ಟಿಕ್ ಆಮ್ಲ. ಕರುಳಿನಲ್ಲಿ ಹುಟ್ಟುವುದು ಮೂರು ಪುಟ್ಟ ಆಮ್ಲಗಳು: ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್. ಇವುಗಳಲ್ಲಿ ಇಂಗಾಲದ ಪರಮಾಣುಗಳು ಕ್ರಮವಾಗಿ ಎರಡು, ಮೂರು, ನಾಲ್ಕು. ಸರಪಳಿ ಇಷ್ಟು ಚಿಕ್ಕದಾಗಿರುವುದರಿಂದ ಇವಕ್ಕೆ ಶಾರ್ಟ್ ಚೈನ್ ಫ್ಯಾಟಿ ಆಸಿಡ್ ಎಂದು ಹೆಸರು. ನಾವು ಕಿರುಸರಣಿ ಕೊಬ್ಬಿನಾಮ್ಲ ಅನ್ನೋಣ. ಸುಮಾರಾಗಿ ನೂರರಲ್ಲಿ 60 ಪಾಲು ಅಸಿಟೇಟ್, ಉಳಿದ ಎರಡೂ ತಲಾ 20. ಅಸಿಟೇಟ್ ಎಂದರೆ ವಿನೆಗರ್‌ನಲ್ಲಿ ಇರುವುದೇ.

ಈ ಮೂರೂ ಹುಟ್ಟುವುದು ಒಂದೇ ಮನೆಯಲ್ಲಿ, ದಾರಿ ಮಾತ್ರ ಬೇರೆ ಬೇರೆ. ಬ್ಯುಟಿರೇಟಿನ ಬಹುಪಾಲನ್ನು ದೊಡ್ಡ ಕರುಳಿನ ಒಳಪದರದ ಜೀವಕೋಶಗಳೇ ತಿಂದು ಮುಗಿಸುತ್ತವೆ. ಅವುಗಳ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಇದರಿಂದ. ಮೈಯ ಬೇರೆಲ್ಲ ಕಡೆ ಸಕ್ಕರೆ ನಡೆಯುತ್ತದೆ, ಅಲ್ಲಿ ಮಾತ್ರ ಬ್ಯುಟಿರೇಟೇ ಊಟ. ಪ್ರೊಪಿಯೊನೇಟ್ ಗೋಡೆ ದಾಟುತ್ತದೆ, ಆದರೆ ಲಿವರ್ ಅದರ ಬಹುಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಸಿಟೇಟ್ ಒಂದೇ ಹೆಚ್ಚಿನ ಪ್ರಮಾಣದಲ್ಲಿ ಲಿವರನ್ನೂ ದಾಟಿ ಮೈಯೆಲ್ಲ ಸುತ್ತುತ್ತದೆ.

ಇದನ್ನು ಕಂಡುಕೊಂಡ ಬಗೆಯನ್ನು ನಾನು ತರಗತಿಯಲ್ಲಿ ಹೇಳುವಾಗ ಹುಡುಗರು ಗಪ್‌ಚುಪ್ ಆಗುತ್ತಾರೆ. 1987ರಲ್ಲಿ ಇಂಗ್ಲೆಂಡಿನ ಕಮಿಂಗ್ಸ್ ಮತ್ತು ಸಂಗಡಿಗರು ಹಠಾತ್ತನೆ ತೀರಿಕೊಂಡ ಆರು ಜನರ ದೇಹಗಳನ್ನು, ಸತ್ತ ನಾಲ್ಕು ಗಂಟೆಯೊಳಗೆ, ಪರೀಕ್ಷಿಸಿದರು. ದೊಡ್ಡ ಕರುಳಿನ ಶುರುವಿನಲ್ಲಿ ಈ ಆಮ್ಲಗಳು ಕಿಲೋಗೆ 131 ಮಿಲಿಮೋಲ್ (ಮೋಲ್ ಎಂದರೆ ಅಣುಗಳನ್ನು ಎಣಿಸುವ ಅಳತೆ) ಇದ್ದವು. ಕರುಳಿನಿಂದ ಲಿವರ್‌ಗೆ ಹೋಗುವ ರಕ್ತದಲ್ಲಿ ಲೀಟರಿಗೆ 375 ಮೈಕ್ರೋಮೋಲ್. ಲಿವರ್ ದಾಟಿದ ಮೇಲೆ 148. ಕೈಕಾಲಿನ ರಕ್ತಕ್ಕೆ ಬರುವಷ್ಟರಲ್ಲಿ 79. ಮಿಲಿಯಿಂದ ಮೈಕ್ರೋಗೆ ಬಂದರೆ ಸಾವಿರ ಪಟ್ಟು ಇಳಿದ ಹಾಗೆ, ನೆನಪಿರಲಿ. ಭದ್ರಾ ಕಾಲುವೆಯ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ತುಂಬಿ ಹರಿದದ್ದು ಕೆಳಗೆ ಬರುವಷ್ಟರಲ್ಲಿ ಎಷ್ಟಾಗಿರುತ್ತದೆ ಎಂದು ಅವರಿಗೆ ಗೊತ್ತು.

ಇನ್ನು ಇದಕ್ಕೂ ಇನ್ಸುಲಿನ್‌ಗೂ ಏನು ಸಂಬಂಧ? ಇನ್ಸುಲಿನ್ ಬಾಗಿಲು ತಟ್ಟಿದಾಗ ಸ್ನಾಯು ಬಾಗಿಲು ತೆರೆದು ಸಕ್ಕರೆ ಒಳಗೆ ತಗೊಳ್ಳಬೇಕು, ಲಿವರ್ ಸಕ್ಕರೆ ಬಿಡುವುದನ್ನು ನಿಲ್ಲಿಸಬೇಕು, ಕೊಬ್ಬಿನ ಕೋಶಗಳು ಕೊಬ್ಬನ್ನು ರಕ್ತಕ್ಕೆ ಸುರಿಯುವುದನ್ನು ನಿಲ್ಲಿಸಬೇಕು. ಒಂದೇ ತಟ್ಟಿಗೆ ತೆರೆದರೆ ಮೈ ಚುರುಕು ಎಂದರ್ಥ. ನಿಮ್ಮದು ನಾಲ್ಕು ಸಲ ತಟ್ಟಬೇಕಾದ ಸ್ಥಿತಿ. ಸ್ನಾಯು ಹೀಗೆ ಮೊಂಡಾಗಲು ಒಂದು ಮುಖ್ಯ ಕಾರಣ ರಕ್ತದಲ್ಲಿ ಸದಾ ತೇಲುವ ಜಾಸ್ತಿ ಕೊಬ್ಬು.

ಇಲ್ಲಿ ಕಿರು ಆಮ್ಲಗಳು ಕೈಹಾಕುವುದು ಎರಡು ಮೂರು ಕಡೆ. ಇವನ್ನು ಗುರುತು ಹಿಡಿಯುವ ಗ್ರಾಹಕಗಳು ನಮ್ಮ ಜೀವಕೋಶಗಳ ಮೇಲೆ ಇವೆ ಎಂದು 2003ರಲ್ಲಿ ಗೊತ್ತಾಯಿತು. ಕರುಳಿನ ಕೆಲವು ಕೋಶಗಳ ಗ್ರಾಹಕಗಳ ಮೇಲೆ ಈ ಆಮ್ಲಗಳು ಕೂತಾಗ ಜಿಎಲ್‌ಪಿ-1 ಎಂಬ ಹಾರ್ಮೋನ್ ಬಿಡುಗಡೆ ಆಗುತ್ತದೆ. ಈಗ ಎಲ್ಲರ ಬಾಯಲ್ಲೂ ಇರುವ ತೂಕ ಇಳಿಸುವ ಇಂಜೆಕ್ಷನ್ ಸೆಮಾಗ್ಲುಟೈಡ್ ನಕಲು ಮಾಡುವುದು ಇದೇ ಹಾರ್ಮೋನನ್ನು. ಔಷಧದ ಏಟು ಬಲು ಜೋರು, ಕರುಳಿನದು ಬಲು ಮೆಲ್ಲಗೆ, ಅದು ಬೇರೆ ಮಾತು. ಇನ್ನೊಂದು ಕಡೆ, ಕೊಬ್ಬಿನ ಕೋಶಗಳು ಕೊಬ್ಬು ಸುರಿಯುವುದನ್ನು ಈ ಆಮ್ಲಗಳು ಸ್ವಲ್ಪ ತಡೆಯುತ್ತವೆ. ಕರುಳಿನ ಗೋಡೆ ಬಿಗಿಯಾಗಿರಲು ಬ್ಯುಟಿರೇಟ್ ಬೇಕೇ ಬೇಕು. ಇಲಿಗಳಲ್ಲಿ ಇದೆಲ್ಲ ಸೊಗಸಾಗಿ ಕಾಣುತ್ತದೆ. 2009ರಲ್ಲಿ ಇಲಿಗಳ ಆಹಾರದಲ್ಲಿ ನೂರಕ್ಕೆ 5 ಪಾಲು ಬ್ಯುಟಿರೇಟ್ ಬೆರೆಸಿದಾಗ ಅವುಗಳ ಇನ್ಸುಲಿನ್ ಚುರುಕು ಉಳಿಯಿತು, ಮೈಯೂ ಬರಲಿಲ್ಲ. ಕ್ಯಾಪ್ಸೂಲ್ ಜಾಹೀರಾತುಗಳು ಹುಟ್ಟುವುದು ಇಂಥ ಸುದ್ದಿಯಿಂದಲೇ. ದಲ್ಲಾಳಿ ಅಂಗಡಿಯಲ್ಲಿ ಇಲಿಗಳಿಗೇನೂ ಬರವಿಲ್ಲ, ಆದರೆ ಪ್ರಶ್ನೆ ಕೇಳಿದ್ದು ನೀವು, ಅವಲ್ಲ. ಮನುಷ್ಯರ ಮಾತಾಡೋಣ.

ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ಅಧ್ಯಯನ 2019ರಲ್ಲಿ ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್‌ನಿಂದ ಬಂತು. 160 ಜನ. ತೆಳ್ಳಗಿದ್ದವರು, ದಪ್ಪಗಿದ್ದವರು, ಶುಗರ್ ಸರಿಯಿದ್ದವರು, ನಿಮ್ಮ ಹಾಗೆ ಅಂಚಿನಲ್ಲಿದ್ದವರು ಎಲ್ಲ ಇದ್ದರು. ಈ ಆಮ್ಲಗಳನ್ನು ಮಲದಲ್ಲೂ ಅಳೆದರು, ಖಾಲಿ ಹೊಟ್ಟೆಯ ರಕ್ತದಲ್ಲೂ ಅಳೆದರು. 93 ಜನರಿಗೆ ‘ಕ್ಲ್ಯಾಂಪ್’ ಎಂಬ ಪರೀಕ್ಷೆ ಮಾಡಿದರು. ಇನ್ಸುಲಿನ್ ಚುರುಕನ್ನು ಅಳೆಯಲು ಇದಕ್ಕಿಂತ ನಂಬಿಕಸ್ತ ತಕ್ಕಡಿ ಇಲ್ಲ. ರಕ್ತನಾಳಕ್ಕೆ ಒಂದೇ ಸಮನೆ ಇನ್ಸುಲಿನ್ ಹನಿಸುತ್ತಾರೆ. ಶುಗರ್ ಇಳಿಯದಂತೆ ಗ್ಲೂಕೋಸನ್ನೂ ಹನಿಸುತ್ತಾ ಹೋಗುತ್ತಾರೆ. ಎಷ್ಟು ಜಾಸ್ತಿ ಗ್ಲೂಕೋಸ್ ಬೇಡುತ್ತದೋ ಮೈ ಅಷ್ಟು ಚುರುಕು. ಗಂಟೆಗಟ್ಟಲೆ ಮಲಗಿರಬೇಕು, ಹಾಗಾಗಿ ನಮ್ಮ ಲ್ಯಾಬ್‌ಗಳಲ್ಲಿ ಯಾರೂ ಮಾಡುವುದಿಲ್ಲ.

ಏನು ಸಿಕ್ಕಿತು ಗೊತ್ತಾ? ಮಲದಲ್ಲಿ ಇದ್ದ ಆಮ್ಲಗಳಿಗೂ ಇನ್ಸುಲಿನ್ ಚುರುಕಿಗೂ ನಂಟು ಕಾಣಲಿಲ್ಲ. ನಂಟು ಕಂಡಿದ್ದು ರಕ್ತದಲ್ಲಿ ಓಡಾಡುತ್ತಿದ್ದ ಆಮ್ಲಗಳಿಗೆ. ರಕ್ತದಲ್ಲಿ ಮೂರೂ ಜಾಸ್ತಿ ಇದ್ದವರಲ್ಲಿ ಜಿಎಲ್‌ಪಿ-1 ಜಾಸ್ತಿ ಇತ್ತು, ರಕ್ತದ ಕೊಬ್ಬು ಕಡಿಮೆ ಇತ್ತು. ಪ್ರೊಪಿಯೊನೇಟ್ ಜಾಸ್ತಿ ಇದ್ದವರ ಮೈ ಇನ್ಸುಲಿನ್‌ಗೆ ಹೆಚ್ಚು ಚುರುಕಾಗಿತ್ತು. ಅಸಿಟೇಟ್ ಮಾತ್ರ ಉಲ್ಟಾ, ಅದು ಜಾಸ್ತಿ ಇದ್ದವರಲ್ಲಿ ಚುರುಕು ಕಡಿಮೆ! ಇದು ನನಗೆ ಬಹಳ ಇಷ್ಟವಾದ ಭಾಗ, ಯಾಕೆಂದರೆ ‘ಕಿರು ಆಮ್ಲ ಎಂದರೆ ಒಳ್ಳೆಯದು’ ಎಂಬ ಸಲೀಸು ಮಾತನ್ನು ಇದು ಕೆಡಿಸುತ್ತದೆ. ಅಸಿಟೇಟ್ ಕರುಳಿನಿಂದ ಮಾತ್ರ ಬರುವುದಿಲ್ಲ. ಉಪವಾಸ ಇದ್ದಾಗ ಕೊಬ್ಬು ಉರಿದು ನಮ್ಮ ಮೈಯೊಳಗೇ ಹುಟ್ಟುತ್ತದೆ, ಹೆಂಡ ಕುಡಿದರೂ ಹುಟ್ಟುತ್ತದೆ. ಹಾಗಾಗಿ ಬೆಳಗಿನ ಖಾಲಿ ಹೊಟ್ಟೆಯ ಅಸಿಟೇಟ್ ಎಲ್ಲಿಯದು ಎಂದು ಬರೀ ರಕ್ತ ನೋಡಿ ಹೇಳುವುದು ಕಷ್ಟ. ಇನ್ನೊಂದು ಮಾತು. ಈ ಅಧ್ಯಯನ ಒಂದು ಹೊತ್ತಿನ ಫೋಟೋ ಇದ್ದ ಹಾಗೆ. ಯಾವುದರಿಂದ ಯಾವುದು ಆಯಿತು ಎಂದು ಫೋಟೋ ಹೇಳುವುದಿಲ್ಲ.

ಮಲ ಯಾಕೆ ಸುಳ್ಳು ಸಾಕ್ಷಿ ಎಂದರೆ, ಕರುಳಿನಲ್ಲಿ ಹುಟ್ಟಿದ್ದರಲ್ಲಿ ಸುಮಾರು 95 ಪಾಲನ್ನು ಮೈ ಹೀರಿಕೊಂಡಿರುತ್ತದೆ. ಮಲದಲ್ಲಿ ಸಿಗುವುದು ಉಳಿದ 5 ಪಾಲು. ಸಂಜೆ ನಿಮ್ಮ ಅಂಗಡಿ ಮುಂದೆ ಚೆಲ್ಲಿದ ಕಾಳು ಗುಡಿಸಿ ತೂಗಿ, ಇವತ್ತು ಎಷ್ಟು ಲೋಡು ಜೋಳ ಬಂತು ಎಂದು ಹೇಳಲು ಆಗುತ್ತದೆಯೇ? ಕಡಿಮೆ ಚೆಲ್ಲಿದೆ ಎಂದರೆ ಮಾಲು ಕಡಿಮೆ ಬಂದಿರಬಹುದು, ಹಮಾಲರು ಹುಷಾರಾಗಿ ಎತ್ತಿರಲೂಬಹುದು. ನಿಜ ಹೇಳಬೇಕೆಂದರೆ ದಪ್ಪಗಿರುವವರ ಮಲದಲ್ಲೇ ಈ ಆಮ್ಲಗಳು ಜಾಸ್ತಿ ಸಿಕ್ಕ ಅಧ್ಯಯನಗಳೂ ಇವೆ. ನಿಮ್ಮ ರಿಪೋರ್ಟಿನ ‘ಬ್ಯುಟಿರೇಟ್ ಕಡಿಮೆ’ ಎಂಬ ಸಾಲಿನಿಂದ ನಿಮ್ಮ ಇನ್ಸುಲಿನ್ ಬಗ್ಗೆ ಏನೂ ತಿಳಿಯುವುದಿಲ್ಲ. ದುಡ್ಡು ಹೋಯಿತು, ಹೋಗಲಿ ಬಿಡಿ.

ಹಾಗಾದರೆ ಬ್ಯುಟಿರೇಟ್‌ನಿಂದಲೇ ಒಳ್ಳೆಯದಾಗುತ್ತದೆ ಎನ್ನಲು ಆಧಾರ ಇದೆಯೇ? ಸ್ವಲ್ಪ ಇದೆ. 2019ರಲ್ಲೇ ನೆದರ್‌ಲ್ಯಾಂಡ್ಸ್‌ನ 952 ಜನರ ವಂಶವಾಹಿ ಮತ್ತು ಕರುಳಿನ ಬ್ಯಾಕ್ಟೀರಿಯಾ ಎರಡನ್ನೂ ನೋಡಿ ಒಂದು ಲೆಕ್ಕ ಹಾಕಿದರು. ಹುಟ್ಟಿನಿಂದಲೇ ಕರುಳಿನಲ್ಲಿ ಬ್ಯುಟಿರೇಟ್ ಜಾಸ್ತಿ ಮಾಡುವ ಕಡೆ ವಾಲಿದ ವಂಶವಾಹಿ ಇದ್ದವರಿಗೆ ಗ್ಲೂಕೋಸ್ ಕುಡಿದ ನಂತರ ಇನ್ಸುಲಿನ್ ಚೆನ್ನಾಗಿ ಸ್ಪಂದಿಸುತ್ತದೆ ಎಂದು ಕಂಡಿತು. ವಂಶವಾಹಿ ಊಟ ನೋಡಿ ಬದಲಾಗುವುದಿಲ್ಲ, ಹಾಗಾಗಿ ಇದು ಫೋಟೋಗಿಂತ ಒಂದು ಮೆಟ್ಟಿಲು ಮೇಲಿನ ಸಾಕ್ಷಿ. ಅದೇ ಲೆಕ್ಕದಲ್ಲಿ, ಪ್ರೊಪಿಯೊನೇಟ್ ಹುಟ್ಟುವುದರಲ್ಲೋ ಹೀರುವುದರಲ್ಲೋ ಎಡವಟ್ಟು ಇದ್ದವರಿಗೆ ಶುಗರ್ ಬರುವ ಸಾಧ್ಯತೆ ಜಾಸ್ತಿ ಎಂದೂ ಬಂತು.

ಅದಕ್ಕೂ ಮೊದಲು, 2012ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತೆಳ್ಳಗಿನವರ ಮಲದ ಬ್ಯಾಕ್ಟೀರಿಯಾಗಳನ್ನು ನಳಿಕೆ ಮೂಲಕ ದಪ್ಪಗಿನ ಗಂಡಸರ ಕರುಳಿಗೆ ಬಿಟ್ಟರು. ಮುಖ ಕಿವುಚಬೇಡಿ, ಇದು ನಿಜವಾದ ಪ್ರಯೋಗ. ಆರು ವಾರದಲ್ಲಿ ಇನ್ಸುಲಿನ್ ಚುರುಕು ಹೆಚ್ಚಿತು, ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾಗಳೂ ಹೆಚ್ಚಿದವು. ಆಮೇಲೆ ದೊಡ್ಡದಾಗಿ ಮಾಡಿದ ಪ್ರಯೋಗದಲ್ಲಿ 18 ವಾರ ಆಗುವಷ್ಟರಲ್ಲಿ ಎಲ್ಲ ಮೊದಲಿನಂತೆಯೇ ಆಗಿತ್ತು. ಹೆಪ್ಪು ಹಾಕಿದರೂ ಹಾಲೇ ಇಲ್ಲದಿದ್ದರೆ ಮೊಸರು ಎಲ್ಲಿಂದ ಬರಬೇಕು? ಊಟ ಬದಲಾಗದೆ ಬ್ಯಾಕ್ಟೀರಿಯಾ ಬದಲಾದರೆ ಅವು ನಿಲ್ಲುವುದಿಲ್ಲ ಎಂದು ನನ್ನ ಊಹೆ.

ಈಗ ನಿಮ್ಮ ಕ್ಯಾಪ್ಸೂಲ್. ಅದೇ ಆಮ್‌ಸ್ಟರ್‌ಡ್ಯಾಮ್ ಗುಂಪು 2018ರಲ್ಲಿ ಗಂಡಸರಿಗೆ ದಿನಕ್ಕೆ 4 ಗ್ರಾಂ ಸೋಡಿಯಂ ಬ್ಯುಟಿರೇಟ್ ನಾಲ್ಕು ವಾರ ಕೊಟ್ಟಿತು. ತೆಳ್ಳಗೆ, ಆರೋಗ್ಯವಾಗಿದ್ದವರ ಇನ್ಸುಲಿನ್ ಚುರುಕು ಹೆಚ್ಚಿತು. ಹೊಟ್ಟೆ ಬಂದು, ಇನ್ಸುಲಿನ್ ಮೊಂಡಾಗಿದ್ದವರಿಗೆ ಏನೂ ಆಗಲಿಲ್ಲ. ಯಾರಿಗೆ ಬೇಕಿತ್ತೋ ಅವರಿಗೇ ಇಲ್ಲ, ಅಲ್ವಾ? ಜೊತೆಗೆ 4 ಗ್ರಾಂ ಸೋಡಿಯಂ ಬ್ಯುಟಿರೇಟ್ ಎಂದರೆ ಸುಮಾರು 2 ಗ್ರಾಂ ಉಪ್ಪಿನಲ್ಲಿರುವಷ್ಟು ಸೋಡಿಯಂ. ಬಿಪಿ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಪ್ರಯೋಗದಲ್ಲಿ ಇದ್ದವರು ಬೆರಳೆಣಿಕೆ ಜನ, ಹಾಗಾಗಿ ಇದೇ ಕೊನೆ ಮಾತು ಅನ್ನಲಾರೆ. ಆದರೂ ನನ್ನ ಸಲಹೆ ನೇರ: ಕೊಳ್ಳಬೇಡಿ.

ಪ್ರೊಪಿಯೊನೇಟ್ ಕಥೆ ಇನ್ನೂ ಮಜವಾಗಿದೆ. ಲಂಡನ್ನಿನ ಸಂಶೋಧಕರು ಅದನ್ನು ಇನುಲಿನ್ ಎಂಬ ನಾರಿಗೆ ಕಟ್ಟಿ, ದೊಡ್ಡ ಕರುಳಿನಲ್ಲೇ ಬಿಚ್ಚಿಕೊಳ್ಳುವಂತೆ ಮಾಡಿದರು. ದಿನಕ್ಕೆ 20 ಗ್ರಾಂನಂತೆ 42 ದಿನ ಕೊಟ್ಟಾಗ, ಹುದುಗದ ನಾರು ಕೊಟ್ಟಾಗಿನದಕ್ಕಿಂತ ಇನ್ಸುಲಿನ್ ಕೆಲಸ ಸುಧಾರಿಸಿತು. ಬರೀ ಇನುಲಿನ್ ಕೊಟ್ಟಾಗಲೂ ಸುಧಾರಿಸಿತು. ಇದು 2019ರ ಸುದ್ದಿ. ಅದೇ ವರ್ಷ ಅಮೆರಿಕದಲ್ಲಿ ಇನ್ನೊಂದು ಗುಂಪು ಬ್ರೆಡ್ಡಿಗೆ ಬೂಸ್ಟು ಬಾರದಂತೆ ಹಾಕುವ ಕ್ಯಾಲ್ಸಿಯಂ ಪ್ರೊಪಿಯೊನೇಟನ್ನು 14 ಜನರಿಗೆ ಊಟದ ಜೊತೆ ಕೊಟ್ಟಿತು, ಬರೀ 1 ಗ್ರಾಂ. ರಕ್ತದಲ್ಲಿ ಗ್ಲುಕಗಾನ್ ಮುಂತಾದ ಶುಗರ್ ಏರಿಸುವ ಹಾರ್ಮೋನುಗಳು ಹೆಚ್ಚಾಗಿ, ಇನ್ಸುಲಿನ್ ಕೆಲಸ ಹದಗೆಟ್ಟಿತು. ವಸ್ತು ಅದೇ. ಬಾಯಿಂದ ಹೋಗಿ ಮೇಲಿನ ಕರುಳಿನಲ್ಲಿ ಒಮ್ಮೆಗೇ ನುಗ್ಗಿದರೆ ಒಂದು, ದೊಡ್ಡ ಕರುಳಿನಲ್ಲಿ ಗಂಟೆಗಟ್ಟಲೆ ಜಿನುಗಿದರೆ ಇನ್ನೊಂದು. ಬೇಕರಿ ಬನ್ನಿನ ಮೇಲೆ ನನಗೆ ದ್ವೇಷವೇನಿಲ್ಲ. ಆದರೆ ‘ಪ್ರೊಪಿಯೊನೇಟ್ ಒಳ್ಳೆಯದಂತೆ’ ಎಂದು ಯಾರಾದರೂ ಅದನ್ನೂ ಡಬ್ಬಿಯಲ್ಲಿ ಮಾರಿದರೆ ಈ 14 ಜನರನ್ನು ನೆನಪಿಸಿಕೊಳ್ಳಿ.

ಊಟಕ್ಕೆ ಬರೋಣ. ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಹೌದು, ಆದರೆ ಮೆಲ್ಲಗೆ, ಸ್ವಲ್ಪ ಸ್ವಲ್ಪ.

1982ರಲ್ಲಿ ಡೇವಿಡ್ ಜೆಂಕಿನ್ಸ್ ತಂಡ ಒಂದು ಚೆಂದದ ಸಂಗತಿ ತೋರಿಸಿತು. ಬೆಳಗ್ಗೆ ಮಸೂರ ತಿಂದವರಿಗೆ ನಾಲ್ಕು ಗಂಟೆ ಬಿಟ್ಟು ಮಾಡಿದ ಊಟದಲ್ಲೂ ಶುಗರ್ ಕಡಿಮೆ ಏರಿತು. ಒಂದು ಹೊತ್ತಿನ ಕಾಳು ಮುಂದಿನ ಹೊತ್ತನ್ನೂ ಕಾಯುತ್ತದೆ. ಸ್ವೀಡನ್ನಿನ ಲುಂಡ್‌ನಲ್ಲಿ ಸಂಜೆ ಇಡೀ ಜವೆಗೋಧಿ ಕಾಳು ತಿನ್ನಿಸಿದಾಗ ಮಾರನೇ ಬೆಳಗಿನ ತಿಂಡಿಯ ಶುಗರ್ ಕೂಡ ಇಳಿಯಿತು. ರಾತ್ರಿಯಿಡೀ ಕರುಳಿನಲ್ಲಿ ನಡೆದ ಹುದುಗುವಿಕೆಯೇ ಇಲ್ಲಿ ಮುಖ್ಯ ಕಾರಣ ಎಂದು ಅವರ ಅಭಿಪ್ರಾಯ. ಇಂಗ್ಲೆಂಡಿನಲ್ಲಿ 2005ರಲ್ಲಿ ಆರೋಗ್ಯವಂತ 10 ಜನರಿಗೆ ದಿನಕ್ಕೆ 30 ಗ್ರಾಂ ಜೀರ್ಣವಾಗದ ಪಿಷ್ಟ ನಾಲ್ಕು ವಾರ ಕೊಟ್ಟಾಗ ಇನ್ಸುಲಿನ್ ಚುರುಕು ಹೆಚ್ಚಿತು. 2018ರಲ್ಲಿ ಚೀನಾದಲ್ಲಿ ಶುಗರ್ ಇರುವವರಿಗೆ ಬಗೆಬಗೆಯ ನಾರು ತುಂಬಿದ ಊಟ ಹನ್ನೆರಡು ವಾರ ಕೊಟ್ಟರು. ಎಚ್‌ಬಿಎ1ಸಿ ಇನ್ನೊಂದು ಗುಂಪಿಗಿಂತ ಚೆನ್ನಾಗಿ ಇಳಿಯಿತು. ಕಿರು ಆಮ್ಲ ಮಾಡಬಲ್ಲ 141 ತಳಿ ಬ್ಯಾಕ್ಟೀರಿಯಾಗಳಲ್ಲಿ 15 ಮಾತ್ರ ಈ ಊಟಕ್ಕೆ ಚಿಗುರಿದವು. ಆ 15 ಹೆಚ್ಚಿದಷ್ಟೂ ಶುಗರ್ ಹತೋಟಿ ಚೆನ್ನಾಗಿತ್ತು. ಅಲ್ಲಿ ಎರಡೂ ಗುಂಪಿಗೆ ಅಕಾರ್ಬೋಸ್ ಮಾತ್ರೆ ಕೊಟ್ಟಿದ್ದರು ಎಂಬುದನ್ನು ಸುದ್ದಿ ಬರೆಯುವವರು ಮರೆಯುತ್ತಾರೆ. ಆ ಮಾತ್ರೆ ಪಿಷ್ಟವನ್ನು ಸಣ್ಣ ಕರುಳಿನಲ್ಲಿ ಪೂರ್ತಿ ಒಡೆಯಲು ಬಿಡುವುದಿಲ್ಲ. ಉಳಿದದ್ದು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಪಾಲು. ಆ ಮಾತ್ರೆ ತಗೊಳ್ಳುವವರಿಗೆ ಹೊಟ್ಟೆ ಉಬ್ಬರ ಯಾಕೆ ಎಂದು ಈಗ ಗೊತ್ತಾಯಿತಲ್ಲ.

ನಮ್ಮ ಕಡೆಯ ತಟ್ಟೆಯಲ್ಲಿ ಏನಿದೆ ನೋಡೋಣ. ದೊಡ್ಡವರು ದಿನಕ್ಕೆ ಕನಿಷ್ಠ 25 ಗ್ರಾಂ ನಾರು ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. 100 ಗ್ರಾಂ ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ರಾಗಿಯಲ್ಲಿ 11, ಬಿಳಿಜೋಳದಲ್ಲಿ 10, ತೌಡಿರುವ ಸಾವೆಯಲ್ಲಿ 7ರಿಂದ 8, ಹುರುಳಿಯಲ್ಲಿ ಸುಮಾರು 8, ಸಿಪ್ಪೆ ಸಮೇತ ಕಡಲೆಕಾಳಿನಲ್ಲಿ 25. ಕಡಲೆಕಾಳು ನೋಡಿ! ಸಿರಿಧಾನ್ಯ ಎಂದು ಎಲ್ಲರೂ ಕುಣಿಯುತ್ತಾರೆ, ಮನೆಯ ಡಬ್ಬಿಯಲ್ಲಿರುವ ಕಡಲೆಕಾಳನ್ನು ಯಾರೂ ಕೇಳುವುದಿಲ್ಲ.

ಮುದ್ದೆ ಬಗ್ಗೆ ಒಂದು ಎಚ್ಚರಿಕೆ. ರಾಗಿ ಹಿಟ್ಟು ನುಣ್ಣಗೆ ಬೀಸಿದ್ದು, ಬಿಸಿ ನೀರಲ್ಲಿ ಚೆನ್ನಾಗಿ ಬೆಂದದ್ದು. ಹಾಗಾಗಿ ಮುದ್ದೆಯಿಂದಲೂ ಶುಗರ್ ಏರುತ್ತದೆ. ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ನುಂಗಿ ‘ಸಾರ್, ನಾನು ಅನ್ನ ಬಿಟ್ಟಿದ್ದೇನೆ’ ಎನ್ನುವವರನ್ನು ದಿನಾ ನೋಡುತ್ತೇನೆ. ಒಂದು ಚಿಕ್ಕ ಮುದ್ದೆ, ಅದರ ಜೊತೆ ತಿಳಿಸಾರಲ್ಲ, ಕಾಳು ಕೈಗೆ ಸಿಗುವ ಹುರುಳಿ ಸಾರೋ ಅವರೆಕಾಳು ಸಾರೋ ಇರಲಿ. ಸಾವೆ ವಿಷಯಕ್ಕೆ ಬಂದರೆ, ಹೊಸದುರ್ಗದ ಕಡೆ ನೆಂಟರಿದ್ದರೆ ಅವರನ್ನೇ ಕೇಳಿ ತರಿಸಿ. ಅಂಗಡಿಯಲ್ಲಿ ಬೆಳ್ಳಗೆ ಹೊಳೆಯುವ ಸಾವೆ ಅಕ್ಕಿ ಎಂದರೆ ತೌಡು ಹೋಗಿದೆ, ನಾರೂ ಹೋಗಿದೆ. ಸ್ವಲ್ಪ ಮಂಕು ಬಣ್ಣದ್ದು ಆರಿಸಿ.

ಈರುಳ್ಳಿಗೆ ಚಿತ್ರದುರ್ಗ ಸೀಮೆಯಲ್ಲಿ ಬರವಿಲ್ಲ. ಅದರಲ್ಲೂ ಬೆಳ್ಳುಳ್ಳಿಯಲ್ಲೂ ಇರುವುದು ಇನುಲಿನ್ ಜಾತಿಯ ನಾರು, ಲಂಡನ್ನಿನವರು ಕೊಟ್ಟರಲ್ಲ, ಅದರ ನೆಂಟ. ಬಾಳೆಕಾಯಿ ಪಲ್ಯ ಇನ್ನೊಂದು ಒಳ್ಳೆಯ ದಾರಿ. ಕಾಯಿ ಹಣ್ಣಾದಂತೆ ಜೀರ್ಣವಾಗದ ಪಿಷ್ಟ ಸಕ್ಕರೆಯಾಗಿ ಬಿಡುತ್ತದೆ. ತಂಗಳನ್ನದ ಬಗ್ಗೆ ಮೊಬೈಲಿನಲ್ಲಿ ಓಡಾಡುವ ಮಾತು ಅರ್ಧ ನಿಜ. ಬಿಸಿ ಅನ್ನದಲ್ಲಿ 100 ಗ್ರಾಂಗೆ 0.64 ಗ್ರಾಂ ಇದ್ದ ಜೀರ್ಣವಾಗದ ಪಿಷ್ಟ, ಒಂದು ದಿನ ಫ್ರಿಜ್ಜಿನಲ್ಲಿಟ್ಟು ಮತ್ತೆ ಬಿಸಿ ಮಾಡಿದಾಗ 1.65 ಆಯಿತು ಎಂದು 2015ರ ಒಂದು ಅಳತೆ ಇದೆ. ಎರಡೂವರೆ ಪಟ್ಟು ಎಂದರೆ ದೊಡ್ಡದಾಗಿ ಕೇಳುತ್ತದೆ. ಹೆಚ್ಚಿದ್ದು ಒಂದು ಗ್ರಾಂ ಮಾತ್ರ. ಅದಕ್ಕಾಗಿ ರಾತ್ರಿಯಿಡೀ ಅನ್ನವನ್ನು ಹೊರಗೆ ಇಟ್ಟು ಹೊಟ್ಟೆ ಕೆಡಿಸಿಕೊಳ್ಳಬೇಡಿ.

ಮಂಡಕ್ಕಿ? ಅದು ಅಕ್ಕಿಯನ್ನು ಅರಳಿಸಿ ಹಗುರ ಮಾಡಿದ್ದು. ಬಾಯಲ್ಲಿ ಕರಗಿದಂತೆಯೇ ಸಣ್ಣ ಕರುಳಲ್ಲೂ ಕರಗುತ್ತದೆ, ಕೆಳಗೆ ಇಳಿಯುವುದು ಸೊನ್ನೆಗೆ ಹತ್ತಿರ. ಸಂಜೆ ಅಂಗಡಿಯಲ್ಲಿ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಿಡಲಾಗದಿದ್ದರೆ ಮಂಡಕ್ಕಿ ಅರ್ಧ ಮಾಡಿ. ಆ ಜಾಗಕ್ಕೆ ಬೇಯಿಸಿದ ಕಡಲೆಕಾಳು, ಹಸಿ ಈರುಳ್ಳಿ ಸುರಿಯಿರಿ. ನಾನು ಹಾಗೇ ತಿನ್ನುವುದು, ರುಚಿಗೆ ಏನೂ ಮೋಸವಿಲ್ಲ.

ಮೆಲ್ಲಗೆ ಶುರು ಮಾಡಿ ಎಂದೆನಲ್ಲ, ಅದಕ್ಕೆ ನನ್ನದೇ ಅನುಭವ ಇದೆ. ಕೆಲವು ವರ್ಷದ ಹಿಂದೆ ಉತ್ಸಾಹದಲ್ಲಿ ಮೂರು ದಿನ ಮೂರು ಹೊತ್ತೂ ಹುರುಳಿ ತಿಂದೆ. ನಾಲ್ಕನೇ ದಿನ ಮನೆಯವರು ನನ್ನನ್ನು ವರಾಂಡದಲ್ಲಿ ಮಲಗಲು ಕಳಿಸಿದರು. ಹುದುಗುವಾಗ ಆಮ್ಲದ ಜೊತೆ ಗ್ಯಾಸೂ ಹುಟ್ಟುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಹೊಂದಿಕೊಳ್ಳಲು ಎರಡು ಮೂರು ವಾರ ಕೊಡಿ. ಮೊದಲ ವಾರ ದಿನಕ್ಕೆ ಒಂದು ಹಿಡಿ ಕಾಳು, ರಾತ್ರಿ ನೆನೆಸಿ ಆ ನೀರು ಚೆಲ್ಲಿ ಬೇಯಿಸಿದ್ದು. ಆಮೇಲೆ ಹೆಚ್ಚಿಸಿ. ನೀರೂ ಚೆನ್ನಾಗಿ ಕುಡಿಯಿರಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವ ನಿಮ್ಮ ಸ್ನೇಹಿತರು ಇದನ್ನು ಓದಿದರೆ, ಊಟ ಬದಲಿಸುವ ಮೊದಲು ಅವರ ಡಾಕ್ಟರ ಹತ್ತಿರ ಒಂದು ಮಾತು ಆಡಲಿ. ಶುಗರ್ ತೀರಾ ಇಳಿಯುವ ಅಪಾಯ ಅವರಿಗೆ ಇರುತ್ತದೆ, ನಿಮಗಿಲ್ಲ.

ಒಂದು ಗಂಟು ಇನ್ನೂ ಬಿಚ್ಚಿಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ. ಇಸಬ್‌ಗೋಲ್ ಕರುಳಿನಲ್ಲಿ ಹುದುಗುವುದು ಬಹಳ ಕಡಿಮೆ. ಆದರೂ ಅದು ಶುಗರ್ ಇಳಿಸುತ್ತದೆ, ಲೋಳೆಯಾಗಿ ಸಕ್ಕರೆ ಹೀರುವುದನ್ನು ನಿಧಾನ ಮಾಡುವ ಮೂಲಕ. 2006ರಲ್ಲಿ ಜರ್ಮನಿಯಲ್ಲಿ ದಪ್ಪಗಿನ 17 ಹೆಂಗಸರಿಗೆ ಓಟ್ಸ್‌ನ ಕರಗದ, ಹೆಚ್ಚು ಹುದುಗದ ನಾರನ್ನು ಬರೀ ಮೂರು ದಿನ ಕೊಟ್ಟಾಗಲೂ ಇನ್ಸುಲಿನ್ ಚುರುಕು ಹೆಚ್ಚಿತು. ಅಂದರೆ ನಾರಿನ ಒಳ್ಳೆಯತನವನ್ನೆಲ್ಲ ಬ್ಯುಟಿರೇಟ್ ಖಾತೆಗೆ ಬರೆಯುವುದು ತಪ್ಪು ಜಮಾಖರ್ಚು. ಕಿರು ಆಮ್ಲಗಳದ್ದು ಒಂದು ಪಾಲು, ಅಷ್ಟೇ. ನನಗೆ ಇದರಿಂದ ಬೇಸರವಿಲ್ಲ. ಕಾಳು ತಿನ್ನುವವನಿಗೆ ಯಾವ ಪಾಲು ಯಾವ ದಾರಿಯಲ್ಲಿ ಬಂತು ಎಂಬುದು ಮುಖ್ಯವಲ್ಲ. ಕ್ಯಾಪ್ಸೂಲ್ ಮಾರುವವನಿಗೆ ಮಾತ್ರ ಮುಖ್ಯ.

ಇನ್ನೊಂದು, ಬೇಗ ಹೇಳಿಬಿಡುತ್ತೇನೆ. ಇನ್ಸುಲಿನ್ ಕಳಿಸುವ ಸಕ್ಕರೆಯಲ್ಲಿ ದೊಡ್ಡ ಪಾಲು ಸೇರುವುದು ಸ್ನಾಯುಗಳಿಗೆ. ನೀವು ಬೆಳಗ್ಗೆಯಿಂದ ಸಂಜೆವರೆಗೆ ಕೂತೇ ಇದ್ದರೆ ಎಷ್ಟು ಕಾಳು ತಿಂದರೂ ಆ ಬಾಗಿಲುಗಳು ತುಕ್ಕು ಹಿಡಿಯುತ್ತವೆ. ಮಧ್ಯಾಹ್ನ ಊಟವಾದ ಮೇಲೆ ಕಾಲು ಗಂಟೆ ಯಾರ್ಡಿನಲ್ಲಿ ಒಂದು ಸುತ್ತು ಹಾಕಿ. ಹರಾಜು ಇಲ್ಲದ ದಿನವೂ ಸುಮ್ನೆ ಹಾಕಿ. ಬೆಣ್ಣೆ ದೋಸೆಯನ್ನು ಪೂರ್ತಿ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ನೀವು ಕೇಳುವುದಿಲ್ಲ. ತಿಂಗಳಿಗೆ ಎರಡು ಸಲ, ಎರಡು ದೋಸೆ ಬದಲು ಒಂದು, ಔಷಧ ಎಂದಲ್ಲ, ರುಚಿಗೆ ಎಂದು ತಿನ್ನಿ.

ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿ ಹೇಳುತ್ತದೆ, ಹಾಗಾಗಿ ಅದಕ್ಕೂ ಮೊದಲು ಮತ್ತೆ ಮಾಡಿಸಿ ಉಪಯೋಗವಿಲ್ಲ. ಮೂರು ತಿಂಗಳು ಕಳೆದ ಮೇಲೆ ಅದೇ ಲ್ಯಾಬಿನಲ್ಲಿ, ಖಾಲಿ ಹೊಟ್ಟೆಯದೂ ಅದೂ ಎರಡೂ ಮಾಡಿಸಿ, ನಿಮ್ಮ ಡಾಕ್ಟರಿಗೆ ತೋರಿಸಿ. ನನಗೂ ಬರೆಯಿರಿ. ಹೊಟ್ಟೆಯ ಸುತ್ತಳತೆಯನ್ನೂ ಟೇಪಿನಲ್ಲಿ ಅಳೆದು ಕಳಿಸಿದರೆ ಒಳ್ಳೆಯದು. ಮಲದ ರಿಪೋರ್ಟ್ ಮಾತ್ರ ಬೇಡ.